ಮುನ್ನೂರ ಹದಿನೇಳನೇ ಬಿಲ್ಲೆ ಮತ್ತು ನನ್ನ ಹೊಟ್ಟೆ

ಪಟ್ಟಿಯಿಂದಲೇ ಶುರು ಮಾಡುತ್ತೇನೆ. ಆಪರೇಷನ್ನಿಗೆ ನಾಲ್ಕು ದಿನ ಮುಂಚೆ ಆಸ್ಪತ್ರೆಯ ಮಂಚದ ಮೇಲೆ ಕೂತು, ಹಳೆಯ ಜ್ವರದ ಚಾರ್ಟೊಂದರ ಹಿಂಬದಿಗೆ ಪೆನ್ಸಿಲಿನಲ್ಲಿ ಬರೆದದ್ದು ಅದು.

ಮೂಗಿಗೆ ಹಿಡಿಯುವ ಔಷಧಿ ಹತ್ತದೇ ಹೋಗಬಹುದು. ಕೈಕಾಲು ನಾಲಿಗೆ ಮಾತ್ರ ಬಿದ್ದುಹೋಗಿ, ಕೊಯ್ಯುವುದು ಪೂರ್ತಿ ಗೊತ್ತಾಗುತ್ತಿರಬಹುದು. ಹತ್ತಿದ ಔಷಧಿ ಇಳಿಯದೇ ಹೋಗಬಹುದು. ಕತ್ತಿ ಒಳಗಿರುವ ಹೊತ್ತಿಗೇ ಗಣಿಯ ಆಳದಲ್ಲಿ ಬಂಡೆ ಸಿಡಿದು, ಊರಿಗೆ ಊರೇ ಅಲುಗಿ, ಡಾಕ್ಟರ ಕೈ ಒಂದು ಅಂಗುಲ ಆಚೆ ಹೋಗಬಹುದು. ಕರೆಂಟು ಹೋಗಬಹುದು. ವಾರ್ಡಿನಲ್ಲಿ ನನ್ನನ್ನು ಬಿಟ್ಟು ಇನ್ನೂ ಇಬ್ಬರು ಕೃಷ್ಣಪ್ಪಂದಿರು ಇರುವುದರಿಂದ ಒಬ್ಬನಿಗೆ ತಂದ ರಕ್ತ ಇನ್ನೊಬ್ಬನಿಗೆ ಏರಬಹುದು. ಹೊಟ್ಟೆಯೊಳಗೆ ಹತ್ತಿಯೋ ಕತ್ತರಿಯೋ ಉಳಿದುಬಿಡಬಹುದು. ತೆರೆದು ನೋಡಿದಾಗ, ಹೆಸರು ಹೇಳಲು ಎಲ್ಲರೂ ಹಿಂಜರಿಯುವ ಆ ಇನ್ನೊಂದು ಕಾಯಿಲೆ ಕಾಣಿಸಿ, ಹಾಗೇ ಹೊಲಿದು ಮನೆಗೆ ಕಳಿಸಬಹುದು. ನನ್ನ ಹೆಂಡತಿ ನಮ್ಮ ಮಗಳನ್ನು ತನ್ನ ತಮ್ಮನಿಗೆ ಕೊಟ್ಟುಬಿಡಬಹುದು. ಕೆಲಸದಲ್ಲಿ ನನ್ನ ಜಾಗಕ್ಕೆ ಬಂದಿರುವ ಆಸಾಮಿ, ಎಲೆಅಡಿಕೆ ಜಗಿಯುತ್ತ ಎಣಿಸುವವನು, ಎಣಿಕೆಯಲ್ಲಿ ಒಂದು ತಪ್ಪಿಸಬಹುದು. ಹೀಗೇ ಸಾಗಿತ್ತು. ಇಪ್ಪತ್ತಮೂರನೆಯದು, ಕೊನೆಯದು: ದೇವರು ಇದ್ದುಬಿಡಬಹುದು.

ಇದ್ದುಬಿಟ್ಟರೆ ಮೊದಲಿನ ಇಪ್ಪತ್ತೆರಡಕ್ಕೂ ಕಾರಣ ಸಿಕ್ಕಂತಾಗುತ್ತದೆ ಎಂದು ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿದ್ದೆ.

ಆರು ವರ್ಷ ಕಳೆದ ಮೇಲೆ ಇದನ್ನು ಬರೆಯುತ್ತಿದ್ದೇನೆ, ಆದ್ದರಿಂದ ಬದುಕಿದೆನೋ ಇಲ್ಲವೋ ಎಂಬ ಕುತೂಹಲ ನಿಮಗೆ ಉಳಿಯಲಿಲ್ಲ. ಪಟ್ಟಿಯಲ್ಲಿದ್ದ ಒಂದೂ ಆಗಲಿಲ್ಲ. ಪಟ್ಟಿಯಲ್ಲಿಲ್ಲದ ಒಂದು ಸಣ್ಣ ಸಂಗತಿ ಆಯಿತು. ಹೊಟ್ಟೆ ಹಿಡಿದುಕೊಂಡು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿರುವವರು, ಅದರಲ್ಲೂ ಕೈಮುಗಿಯಲು ಯಾರೂ ಇಲ್ಲದೆ ಕೂತಿರುವವರು ಓದಲಿ ಎಂದು ಬರೆಯುತ್ತಿದ್ದೇನೆ. ನಾನು ಕೂತಿದ್ದಾಗ ಪಕ್ಕದಲ್ಲಿ ಅಂಥ ಇನ್ನೊಬ್ಬ ಇದ್ದಿದ್ದರೆ ಇಬ್ಬರೂ ಸೇರಿ ಹೆದರಬಹುದಿತ್ತು.

ನನ್ನ ಕೆಲಸ ಚಿನ್ನದ ಗಣಿಯ ಬಾಯಿಯ ಪಕ್ಕದ ಲ್ಯಾಂಪ್ ರೂಮಿನಲ್ಲಿ. ಕೆಳಗಿಳಿಯುವ ಪ್ರತಿಯೊಬ್ಬನಿಗೂ ನಂಬರು ಕೊರೆದ ಹಿತ್ತಾಳೆ ಬಿಲ್ಲೆಯೊಂದು ಇರುತ್ತದೆ. ಇಳಿಯುವ ಮುಂಚೆ ಅದನ್ನು ನನ್ನ ಕಿಟಕಿಯಲ್ಲಿ ಕೊಟ್ಟು, ಅದೇ ನಂಬರಿನ ದೀಪ ತೆಗೆದುಕೊಂಡು ಹೋಗುತ್ತಾನೆ. ನಾನು ಬಿಲ್ಲೆಯನ್ನು ಹಲಗೆಯ ಕೊಕ್ಕೆಗೆ ಹಾಕುತ್ತೇನೆ. ಮೇಲೆ ಬಂದು ದೀಪ ಕೊಟ್ಟಾಗ ಬಿಲ್ಲೆ ವಾಪಸು. ಹಲಗೆಯ ಮೇಲೆ ಬಿಲ್ಲೆ ಇದ್ದರೆ ಆಸಾಮಿ ಕೆಳಗಿದ್ದಾನೆ ಎಂದರ್ಥ. ಅವನು ಮನೆಯಲ್ಲಿ ಮುದ್ದೆ ಮುರಿಯುತ್ತಿರುವುದನ್ನು ನಾಲ್ಕು ಜನ ಕಣ್ಣಾರೆ ಕಂಡಿದ್ದರೂ ಸರಿ, ಬಿಲ್ಲೆ ಅವನ ಕೈಸೇರುವ ತನಕ ಅವನು ಮೇಲೆ ಬಂದ ಹಾಗಲ್ಲ. ಈ ನಿಯಮಕ್ಕೆ ನಾನು ಇಪ್ಪತ್ತು ವರ್ಷ ದುಡಿದಿದ್ದೇನೆ. ನನಗೂ ಒಂದು ಬಿಲ್ಲೆ ಇತ್ತು, ನಂಬರು ಮುನ್ನೂರ ಹದಿನೇಳು. ಕೆಳಗಿನ ದೀಪಗಳನ್ನು ನೋಡಿಬರಲು ವರ್ಷಕ್ಕೆರಡು ಸಲ ನಾನೂ ಇಳಿಯಬೇಕಿತ್ತು. ಇಳಿಯುವ ಹದಿನೈದು ದಿನ ಮುಂಚಿನಿಂದಲೇ ಇಳಿಸುವ ಹಗ್ಗವನ್ನು ದಿನಾ ಹೋಗಿ ನೋಡಿಬರುತ್ತಿದ್ದೆ. ಜನ ನನ್ನನ್ನು ಬಿಲ್ಲೆ ಕೃಷ್ಣಪ್ಪ ಎನ್ನುತ್ತಿದ್ದರು.

ನನ್ನ ಕಿಟಕಿಗೆ ಬರುವ ಮುಂಚೆ ಎಲ್ಲರೂ ಬಾಗಿಲ ಬಳಿಯ ಮಾರಿಯಮ್ಮನ ಪಟ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು. ನಮ್ಮಪ್ಪನೂ ಇಂಥದೇ ಒಂದು ಪಟ ಮುಟ್ಟಿ ಇಳಿದವನು. ನಾನು ಹದಿನಾಲ್ಕರವನಿದ್ದಾಗ ಬಂಡೆ ಸಿಡಿದು, ಅವನ ಬಿಲ್ಲೆ ಹಲಗೆಯ ಮೇಲೇ ಉಳಿಯಿತು. ಅಪ್ಪ ಸತ್ತಿದ್ದಕ್ಕೇ ನಾನು ದೇವರನ್ನು ಬಿಟ್ಟೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಅದೇ ದಿನ ಅದೇ ಪಟ ಮುಟ್ಟಿ ಇಳಿದ ಇನ್ನಿಬ್ಬರು ಬದುಕಿ ಬಂದರು. ತಾಯಿ ಕಾಪಾಡಿದಳು ಎಂದು ತೆಂಗಿನಕಾಯಿ ಒಡೆದರು. ಮೂರು ಜನ ಮುಟ್ಟಿದ್ದು, ಇಬ್ಬರು ಬಂದದ್ದು. ಎಣಿಕೆ ಸರಿಹೋಗಲಿಲ್ಲ, ಅಷ್ಟೆ. ಅದನ್ನು ನಾನು ಯಾರ ಹತ್ತಿರವೂ ವಾದ ಮಾಡಲಿಲ್ಲ. ಪಟ ಮುಟ್ಟುವುದನ್ನು ಬಿಟ್ಟೆ, ಎಣಿಸುವುದನ್ನು ಹಿಡಿದೆ.

ನಂಬಿಕೆ ಇಲ್ಲದವರು ಧೈರ್ಯಸ್ಥರು ಎಂದು ಕೆಲವರು ತಿಳಿದಿದ್ದಾರೆ. ನನ್ನನ್ನು ನೋಡಿದರೆ ಆ ಭ್ರಮೆ ಹೋಗುತ್ತದೆ. ನಂಬುವವನು ತನ್ನ ಹೆದರಿಕೆಯನ್ನು ಸಂಜೆ ದೀಪ ಹಚ್ಚಿ ಗೂಡಿನಲ್ಲಿಟ್ಟು ಬರುತ್ತಾನೆ. ನನ್ನದನ್ನು ಇಡಲು ಹೊಟ್ಟೆ ಬಿಟ್ಟರೆ ಬೇರೆ ಜಾಗವಿರಲಿಲ್ಲ.

ಆ ಜಾಗ ನಲವತ್ತಮೂರನೆಯ ವಯಸ್ಸಿಗೆ ಉರಿಯತೊಡಗಿತು. ಎದೆಯೆಲುಬಿನ ಕೆಳಗೆ, ಕೆಂಡ ಇಟ್ಟು ಬೂದಿ ಮುಚ್ಚಿದ ಹಾಗೆ. ಊಟ ಮಾಡಿದರೆ ಆರುತ್ತಿತ್ತು, ಎರಡು ಗಂಟೆ ಬಿಟ್ಟು ಎದ್ದು ಕೂರುತ್ತಿತ್ತು. ಒಂದು ವರ್ಷ ಯಾರಿಗೂ ಹೇಳಲಿಲ್ಲ. ನಮ್ಮಮ್ಮನಿಗೆ ಗೊತ್ತಾದದ್ದು ನನ್ನ ಬೆಲ್ಟಿನಿಂದ. ಬಂಗಾರಪೇಟೆಯಲ್ಲಿ, ಸ್ಟೇಷನ್ನಿನ ಹಿಂದೆ ಅವಳ ಮನೆ. ನಾನು ಹೋದಾಗ ಹುರುಳಿ ಆರಿಸುತ್ತ ಕೂತಿದ್ದಳು. ಕಣ್ಣಿಗೆ ಪೊರೆ ಬಂದಿತ್ತು, ಆದರೂ ಕಾಳು ಯಾವುದು ಕಲ್ಲು ಯಾವುದು ಎಂದು ಬೆರಳಿಗೇ ಗೊತ್ತಾಗುತ್ತಿತ್ತು. ಅದೇ ಬೆರಳಿನಿಂದ ನನ್ನ ಸೊಂಟ ತಡವಿ, "ಏನ್ ನಾಯ್ನಾ, ಬೆಲ್ಟಿಗೆ ಒಸಾ ತೂತು ಒಡ್ಸಿದ್ದೀಯ" ಎಂದಳು. ಮಾರನೆಯ ದಿನ ಅವಳೂ ನನ್ನ ಜೊತೆ ರೈಲು ಹತ್ತಿ ಗಣಿಯ ಆಸ್ಪತ್ರೆಗೆ ಬಂದಳು.

ಕಾಯುವ ಜಾಗದಲ್ಲಿ ಉದ್ದನೆಯ ಎರಡು ಬೆಂಚು. ಒಂದರ ಮೇಲೆ ಎದೆಯ ಎಕ್ಸ್‌ರೇಗೆ ಬಂದ ಗಣಿ ಆಳುಗಳು. ದೂಳು ಕುಡಿದ ಶ್ವಾಸಕೋಶದ ಕೆಮ್ಮು ಬೇರೆ ಕೆಮ್ಮಿನ ಹಾಗಲ್ಲ. ಒಣಗಿದ ಚರ್ಮ ಕೊಡವಿದ ಹಾಗೆ ಕೇಳಿಸುತ್ತದೆ. ಒಬ್ಬ ನಿಲ್ಲಿಸಿದರೆ ಇನ್ನೊಬ್ಬ ಶುರು ಮಾಡುತ್ತಿದ್ದ. ಒಳಗೆ ಹೋದವರು ಹೊರಗೆ ಬರುವಾಗ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ನಾನು ಅವರ ನಂಬರುಗಳನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಮುಖಕ್ಕಿಂತ ನಂಬರು ನನಗೆ ಬೇಗ ನೆನಪಾಗುತ್ತದೆ.

ಸುಣ್ಣ ಬಳಿದು ಉಳಿದ ನೀರಿನಂಥದ್ದೊಂದನ್ನು ಲೋಟದ ತುಂಬ ಕುಡಿಸಿ ನನ್ನ ಹೊಟ್ಟೆಯ ಫೋಟೋ ತೆಗೆದರು. ಡಾಕ್ಟರು ತಮಿಳಿನವರು. ನನಗೆ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: ಹೊಟ್ಟೆಯಲ್ಲಿ ಹುಣ್ಣಾಗಿದೆ; ಒಂದು ತಿಂಗಳು ಹಾಲು, ಬ್ರೆಡ್ಡು, ಮೆತ್ತನೆಯ ಅನ್ನ; ಖಾರ ಮುಟ್ಟಕೂಡದು; ಚಿಂತೆ ಮಾಡಕೂಡದು. ಕೊನೆಯದರಿಂದ ನನಗೆ ಚಿಂತೆಗೆ ಹೊಸ ವಿಷಯವೊಂದು ಸಿಕ್ಕಿತು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಮ್ಮನ ಕಡೆ ತಿರುಗಿ, ದೊಡ್ಡ ಮನಸ್ಸಿನಿಂದ, ತಮಿಳಿನಲ್ಲಿ, "ವಯಿತ್ತುಲೆ ಪುಣ್ಣು, ಅಮ್ಮಾ" ಎಂದರು.

ಅಮ್ಮನಿಗೆ ಕನ್ನಡ ಬರುತ್ತದೆ, ತೆಲುಗು ಬರುತ್ತದೆ. ತಮಿಳು ಬರುವುದಿಲ್ಲ. "ಪುಣ್ಯ ಅಂದ್ರಾ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವುದರೊಳಗೆ ಔಷಧಿ ಕೊಡುವ ಕಿಂಡಿಯಿಂದ ಕಾಂಪೌಂಡರ್ ತಲೆ ಹೊರಗೆ ಹಾಕಿದ. ಅವನು ನಮ್ಮ ಕಡೆಯವನು, ನಗುಮುಖದವನು. ನಮ್ಮ ಕಡೆಯವರ ಬಾಯಲ್ಲಿ ‘ಹ’ ನಿಲ್ಲುವುದಿಲ್ಲ ಎಂಬುದು ನಿಮಗೆ ಗೊತ್ತಿರಬೇಕು. "ಪುಣ್ಯ ಅಲ್ಲ ಕಣಜ್ಜಿ," ಎಂದ. "ಒಟ್ಟೆ ಉಣ್ಣು. ಅಷ್ಟೇಯ. ಉಸಾರಾಗಿ ನೋಡ್ಕಳಿ."

ಅಮ್ಮನ ಮುಖದಲ್ಲಿ ಆಗ ಆದದ್ದನ್ನು ನಾನು ಮರೆಯಲಾರೆ. ಬೆಳಗಿನಿಂದ ಬಿಗಿದುಕೊಂಡಿದ್ದ ಮುಖ ಸಡಿಲವಾಯಿತು. ಬೆಂಚಿನ ಮೇಲಿದ್ದ ಕೆಮ್ಮಿನವರಿಗೆಲ್ಲ ಕೇಳಿಸುವಂತೆ, "ಕೇಳಿಸ್ತಾ? ಒಟ್ಟೆ ತುಂಬ ಉಣ್ಣು ಅಂತ ಡಾಕ್ಟ್ರೇ ಏಳವ್ರೆ. ನಾನು ಇದ್ನೇ ವರ್ಷದಿಂದ ಬಡ್ಕಂತಾ ಇವ್ನಿ. ಉಣ್ಣಾಕಿಲ್ಲ ನನ್ ಮಗ, ಅದೇ ಕಾಯ್ಲೆ" ಎಂದಳು.

ಅಲ್ಲೇ ಸರಿಮಾಡಬಹುದಿತ್ತು. ಒಂದು ಅಕ್ಷರದ ಕೆಲಸ. ಆದರೆ ಗಂಡನ ಬಿಲ್ಲೆ ಹಲಗೆಯ ಮೇಲೆ ಉಳಿದ ದಿನದಿಂದ ಆಸ್ಪತ್ರೆ ಎಂದರೆ ಬೆವರುವ ಹೆಂಗಸು ಮೊದಲ ಸಲ ಆಸ್ಪತ್ರೆಯೊಳಗೆ ನಗುತ್ತಿದ್ದಳು. ನಾನು ಸುಮ್ಮನಿದ್ದೆ. ಅದಕ್ಕೆ ಕರುಣೆ ಎಂದು ಹೆಸರಿಟ್ಟುಕೊಂಡೆ. ಈಗ ಕೇಳಿದರೆ ಪುಕ್ಕಲುತನ ಎನ್ನುತ್ತೇನೆ.

ಹತ್ತು ದಿನ ರಜೆ ಸಿಕ್ಕಿತು. ಮಗಳಿಗೆ ಪರೀಕ್ಷೆ ಇದ್ದದ್ದರಿಂದ ನನ್ನ ಹೆಂಡತಿ ಸರೋಜ ನಂದಿದುರ್ಗ ಗಣಿಯ ಲೈನಿನಲ್ಲಿ, ಕಂಪನಿ ಕೊಟ್ಟ ಸಾಲುಮನೆಯಲ್ಲೇ ಉಳಿದಳು. ನಾನು ಅಮ್ಮನ ಮನೆಗೆ ಹೋದೆ. ಒಂಬತ್ತು ದಿನ ಅಮ್ಮ ನನಗೆ ಉಣ್ಣಿಸಿದಳು. ಬಿಸಿ ಮುದ್ದೆ, ಹುರುಳಿ ಬಸ್ಸಾರು, ಉಪ್ಪುಸಾರಿನ ಪಕ್ಕದಲ್ಲಿ ಅರೆದ ಕೆಂಪು ಖಾರ. ಪ್ರತಿ ಸಲ ಸೌಟು ಎತ್ತಿದಾಗ, "ಡಾಕ್ಟ್ರ ಮಾತು" ಎನ್ನುವಳು. ಡಾಕ್ಟರು ಕೊಟ್ಟ ಬಿಳಿ ಪುಡಿಯನ್ನು ನಾನು ಬಚ್ಚಲಿಗೆ ಒಯ್ದು ನೀರಿಗೆ ಕಲಸಿ ಕುಡಿಯುತ್ತಿದ್ದೆ, ಹೆಂಡ ಕುಡಿಯುವವರ ಹಾಗೆ ಕದ್ದು. ಒಂಬತ್ತು ದಿನದಲ್ಲಿ ಏನಾದೀತು ಎಂದುಕೊಂಡೆ. ಜೀವಮಾನದಲ್ಲಿ ಒಂದೇ ಒಂದು ವಿಷಯಕ್ಕೆ ಚಿಂತೆ ಮಾಡದೆ ಬಿಟ್ಟಿದ್ದರೆ ಅದು ಇದು.

ಏಳನೆಯ ದಿನ ಮಲ ಕಪ್ಪಾಗಿತ್ತು, ರಸ್ತೆಗೆ ಹಾಕುವ ಟಾರಿನ ಹಾಗೆ. ರಾಗಿ ಜಾಸ್ತಿಯಾಯಿತು ಎಂದುಕೊಂಡೆ. ಎಂಟನೆಯ ದಿನ ಬಾವಿಗೆ ಹೋಗಿ ಬರುವಷ್ಟರಲ್ಲಿ ಕಿವಿಯಲ್ಲಿ ರೈಲು ಕೂಗಿತು. ಸ್ಟೇಷನ್ನಿನಲ್ಲಿ ಆಗ ರೈಲಿರಲಿಲ್ಲ. "ಬಣ್ಣ ಬಂದೈತೆ ಮುಖಕ್ಕೆ" ಎಂದು ಅಮ್ಮ ಹೇಳಿದಳು. ಅವಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ ಎಂದು ಆಗಲೇ ಹೇಳಿದೆನಲ್ಲ.

ಕೆಲಸಕ್ಕೆ ಹೋದ ಮೊದಲ ದಿನ, ಬೆಳಗಿನ ಪಾಳಿಗೆ ಜನ ಸಾಲು ನಿಂತಿದ್ದರು. ಬಿಲ್ಲೆ ತೆಗೆದುಕೊಳ್ಳುತ್ತಿದ್ದೆ, ದೀಪ ಕೊಡುತ್ತಿದ್ದೆ. ಬಾಯಲ್ಲಿ ತುಕ್ಕಿನ ರುಚಿ ಬಂತು. ನಂಬರು ಐನೂರ ನಲವತ್ತು ನನ್ನ ಕೈಯಲ್ಲಿತ್ತು. ಅದನ್ನು ಕೊಕ್ಕೆಗೆ ಹಾಕಿದೆ, ತಿರುಗಿದೆ, ರಿಜಿಸ್ಟರಿನ ಮೇಲೆ ವಾಂತಿ ಮಾಡಿದೆ. ಕಾಫಿ ಸೋಸಿ ಉಳಿದ ಗಷ್ಟಿನ ಬಣ್ಣ. ಅದರೊಳಗೆ ಕೆಂಪು. ಆಮೇಲೆ ನೆಲ. ಬೀಳುವ ಮುಂಚೆ ಬಿಲ್ಲೆಯನ್ನು ಕೊಕ್ಕೆಗೆ ಹಾಕಿದ್ದು ನನ್ನ ಜೀವನದ ಒಂದೇ ಒಂದು ಸಾಹಸ. ಅದನ್ನು ಎರಡೆರಡು ಸಲ ಹೇಳಿಕೊಳ್ಳುತ್ತೇನೆ, ಕ್ಷಮಿಸಿ.

ರಕ್ತ ನಿಂತಿತು. ಆದರೆ ಮತ್ತೆ ಹರಿದರೆ ನಿಲ್ಲುವುದು ಅನುಮಾನ, ಮೈಗೆ ಸ್ವಲ್ಪ ಬಲ ಬಂದೊಡನೆ ಹೊಟ್ಟೆಯ ಬಹುಪಾಲು ಕತ್ತರಿಸಿ ತೆಗೆಯಬೇಕು ಎಂದು ಡಾಕ್ಟರು ಹೇಳಿದರು. ವಾರದ ಗಡುವು ಕೊಟ್ಟರು. ಪಕ್ಕದ ಮಂಚದಲ್ಲಿ ಪೆರುಮಾಳ್ ಎಂಬ ಹಳೆಯ ಆಳು ಇದ್ದ. ಮೂವತ್ತು ವರ್ಷ ಬಂಡೆ ಕೊರೆದವನು, ದೂಳಿನ ಎದೆ. ಅವನು ಮಲಗುತ್ತಿರಲಿಲ್ಲ, ಎರಡು ದಿಂಬಿಗೆ ಒರಗಿ ಕೂತೇ ಇರುತ್ತಿದ್ದ.

ಅಮ್ಮ ಸರೋಜಳ ಜೊತೆ ಸಂಜೆ ನಾಲ್ಕಕ್ಕೆ ಬಂದಳು, ಕೈಯಲ್ಲಿ ಅಡಿಗೆಯ ಡಬ್ಬಿ. ಅಂದು ವಾರ್ಡಿನಲ್ಲಿದ್ದ ನರ್ಸಮ್ಮ ಮೈಸೂರಿನ ಕಡೆಯವರು. ಡಬ್ಬಿ ತೆರೆದು ಮೂಸಿ, ಸಿಟ್ಟಿನಿಂದ, ಪ್ರತಿ ಅಕ್ಷರವನ್ನೂ ಒತ್ತಿ ಕೇಳಿದರು: "ಹೊಟ್ಟೆಯಲ್ಲಿ ಹುಣ್ಣು ಇರೋರಿಗೆ ಖಾರ ಕೊಡ್ತಾರೇನಮ್ಮ? ಹುಣ್ಣು ಒಡೆದು ರಕ್ತ ಹೋಗಿರೋದು ಗೊತ್ತಿಲ್ವ?"

ಆ ‘ಹ’ ಅಮ್ಮನಿಗೆ ಸ್ಪಷ್ಟವಾಗಿ ಕೇಳಿಸಿತು. ಅವಳು ನನ್ನ ಕಡೆ ನೋಡಿದಳು. ಆಮೇಲೆ ಡಬ್ಬಿಯ ಕಡೆ. ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಳು.

"ಉಣ್ಣಾ," ಎಂದಳು, ತನಗೆ ತಾನೇ. "ಗಾಯದ ಉಣ್ಣಾ. ನಾನೇ ಕೈಯಾರೆ ಉಣ್ಸಿದ್ನಲ್ಲಪ್ಪ ಅದಕ್ಕೆ."

ಅವತ್ತಿನಿಂದ ಅವಳು ಊಟ ಬಿಟ್ಟಳು. ಎರಡನೆಯ ಸಂಜೆ ಬಂದಾಗ ಸೆರಗಿನಲ್ಲಿ ಅರಿಸಿನದ ಬಟ್ಟೆಯ ಗಂಟೊಂದಿತ್ತು. ಒಳಗೆ ಹಳೆಯ ಬೆಳ್ಳಿ ರೂಪಾಯಿ. ಮನೆದೇವರು ಮುನೇಶ್ವರನಿಗೆ ಮುಡುಪು. "ಇದ್ನ ಕೈಲಿ ಇಡ್ಕೊಂಡು ಒಂದ್ ಮಾತು ಏಳು ನಾಯ್ನಾ," ಎಂದಳು. "ಉಳ್ಸು, ಬಂದು ಮುಡಿ ಕೊಡ್ತೀನಿ ಅಂತ. ನಿನ್ ಬಾಯಿಂದ್ಲೇ ಬರ್ಬೇಕು. ಮೂವತ್ ವರ್ಷದಿಂದ ನೀನು ಬೆನ್ನು ತಿರುಗಿಸ್ದೆ. ಅದ್ಕೇ ಅವ್ನು ನನ್ ಕೈಯಾಗೇ ನಿಂಗೆ ವಿಷ ಇಡ್ಸವ್ನೆ."

ನಾನು ಗಂಟನ್ನು ಮುಟ್ಟಲಿಲ್ಲ. ಅವಳು ನೀರೂ ಕುಡಿಯದೆ ಬಂಗಾರಪೇಟೆಯ ರೈಲಿಗೆ ಹೊರಟಳು.

ಸರೋಜ ಹಿಂದೆ ಉಳಿದು ನನ್ನ ಹೊದಿಕೆ ಸರಿಮಾಡುತ್ತ, "ರೀ, ಒಂದ್ ಮಾತು ಅಂದ್ಬಿಡಿ. ನಿಮ್ ಪ್ರಕಾರ ಕೇಳಿಸ್ಕೊಳ್ಳೋರು ಯಾರೂ ಇಲ್ವಲ್ಲ. ನಿಮ್ಮದೇನು ಹೋಗುತ್ತೆ?" ಎಂದಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಅವಳು ಇಷ್ಟು ಸರಿಯಾದ ಪ್ರಶ್ನೆ ಕೇಳಿರಲಿಲ್ಲ ಎನ್ನಲಾರೆ. ಆದರೆ ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ ಇದೇ ಮೊದಲು.

ಏನು ಹೋಗುತ್ತದೆ? ಕಂಬಳಿಯೊಳಗೆ ಆ ಪ್ರಶ್ನೆಯನ್ನು ಇಟ್ಟುಕೊಂಡು ಮಲಗಿದೆ. ಮೇಲೆ ಯಾರೂ ಇಲ್ಲದಿದ್ದರೆ ಸುಳ್ಳು ಹರಕೆ ಎಂದರೆ ಖಾಲಿ ಕೋಣೆಯಲ್ಲಿ ಆಡಿದ ಮಾತು. ಅಮ್ಮ ಒಂದು ತುತ್ತು ತಿನ್ನುತ್ತಾಳೆ. ನಾನು ಸತ್ತರೆ, ಮಗ ಕೊನೆಗೆ ದೇವರ ಕಡೆ ತಿರುಗಿದ ಎಂದು ಅವಳಿಗೆ ಸಮಾಧಾನ. ಬದುಕಿದರೆ ಒಂದಷ್ಟು ಕೂದಲು. ಆದರೂ ನಾಲಿಗೆ ಏಳುತ್ತಿರಲಿಲ್ಲ, ಮತ್ತು ಅದಕ್ಕೆ ಕಾರಣ ನನ್ನ ಘನವಾದ ತತ್ವವೇನೂ ಅಲ್ಲ ಎಂಬುದು ನನಗೆ ಗೊತ್ತಿತ್ತು. ಆ ವಾರ ಪಟ್ಟಿ ಬರೆದೆ. ಪಟ್ಟಿ ಉದ್ದವಾದಷ್ಟೂ ಅಮ್ಮ ತೆಳ್ಳಗಾಗುತ್ತಿದ್ದಳು.

ಆಪರೇಷನ್ನಿನ ಹಿಂದಿನ ದಿನ ಬೆಳಗ್ಗೆ ಪೆರುಮಾಳ್ ಮಾತಾಡಿಸಿದ. ಒಂದೊಂದು ಮಾತಿಗೂ ಉಸಿರು ತುಂಬಿಕೊಳ್ಳುತ್ತಿದ್ದ.

"ಬಿಲ್ಲೆ ಸಾಮಿ, ಒಂದ್ ಕೇಳ್ತೀನಿ, ಕೋಪ ಮಾಡ್ಕಬಾರ್ದು."

"ಕೇಳಪ್ಪ."

"ಮೇಲೆ ಒಬ್ಬನ್ ಇಲ್ಲಾಂತೀರ. ನೋಡೋರು ಇಲ್ಲ, ಕೇಳೋರು ಇಲ್ಲ. ಅಪ್ಪೊ ಯಾಕೆ ದಿನಾ ಎರಡ್ ಸಾರ್ತಿ ಎಣಿಸ್ತೀರ? ನಾನ್ ನೋಡಿದೀನಿ. ಒಂದ್ ಸಾರ್ತಿ ಎಣಿಸಿ, ಬೀಗ ಹಾಕಿ, ತಿರುಗಿ ಬಂದು ಇನ್ನೊಂದ್ ಸಾರ್ತಿ."

"ನನಗೆ ಹೆದರಿಕೆ ಜಾಸ್ತಿ," ಎಂದೆ.

"ಯಾರ್ದು ಹೆದ್ರಿಕೆ? ಯಾರೂ ಇಲ್ವೇ ಮೇಲೆ."

"ಕೆಳಗೆ ನೀವಿರ್ತೀರಲ್ಲ," ಎಂದೆ.

ಅವನು ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ. ಆಮೇಲೆ ಕಣ್ಣೊರೆಸಿಕೊಂಡು, "ಆಮಾ, ನಿಜ. ನನಗೆ ಹೇಳಿ ಏನ್ ಪ್ರಯೋಜನ. ಅದ್ನ ನಿಮ್ಮಮ್ಮಂಗೆ ಹೇಳಿ. ಪಾವಂ, ಅದು ತಿನ್ನದೆ ಸಾಯ್ತಾ ಇದೆ" ಎಂದ.

ಆ ಹೊತ್ತಿಗೆ ಸರೋಜಳ ಪ್ರಶ್ನೆಗೂ ಉತ್ತರ ಸಿಕ್ಕಿತು. ಸುಳ್ಳು ಹರಕೆಯನ್ನು ಕೇಳಿಸಿಕೊಳ್ಳಲು ದೇವರಿಲ್ಲ, ನಿಜ. ಆದರೆ ಅಮ್ಮ ಇದ್ದಾಳೆ. ಅವಳ ನೆಮ್ಮದಿಗೆಂದು ಒಂದು ಸಲ ಸುಮ್ಮನಿದ್ದಕ್ಕೇ ಒಂಬತ್ತು ದಿನ ಅವಳು ತನಗೆ ಗೊತ್ತಿಲ್ಲದೆ ನನ್ನ ಹೊಟ್ಟೆ ಸುಟ್ಟಿದ್ದಳು. ಅದೇ ಕೆಲಸ ಇನ್ನೊಂದು ಸಲ, ಈಗ ದೇವರ ಹೆಸರಿನಲ್ಲಿ.

ಸಂಜೆ ಅವಳು ಬಂದಳು. ಕಣ್ಣು ಗುಳಿಬಿದ್ದಿತ್ತು. ಗಂಟನ್ನು ನನ್ನ ಅಂಗೈಯಲ್ಲಿಟ್ಟಳು. ನಾನು ಅದನ್ನು ಅವಳ ಕೈಗೇ ವಾಪಸು ಕೊಟ್ಟೆ.

"ಅಮ್ಮ, ಅವತ್ತು ಕಾಂಪೌಂಡರ್ ಯಾವ ಉಣ್ಣು ಅಂದಿದ್ದು ಅಂತ ನಂಗೆ ಅವಾಗ್ಲೇ ಗೊತ್ತಿತ್ತು."

ಅವಳ ಬೆರಳು ಗಂಟಿನ ಮೇಲೆ ನಿಂತಿತು.

"ಡಾಕ್ಟ್ರು ನಂಗೆ ಮೊದ್ಲೇ ಹೇಳಿದ್ರು. ಖಾರ ಮುಟ್ಟಬೇಡ ಅಂತ. ನೀನು ನಗ್ತಾ ಇದ್ದೆ, ಅದ್ಕೆ ಹೇಳ್ಲಿಲ್ಲ. ವಿಷ ಇಟ್ಟಿದ್ದು ನೀನಲ್ಲ, ಯಾವ ಮುನೇಶ್ವರನೂ ಅಲ್ಲ. ಗೊತ್ತಿದ್ದು ತಿಂದೋನು ನಾನು."

ಅಮ್ಮ ನಿಧಾನವಾಗಿ ಎದ್ದು, ನಲವತ್ತನಾಲ್ಕು ವರ್ಷದ ಮಗನ ತಲೆಗೆ ಮೊಟಕಿದಳು. ಜೋರಾಗಿಯೇ. "ಲೇ ಕತ್ತೆ," ಎಂದಳು. "ಒಂದ್ ವಾರ ನಾನು ಸತ್ತು ಬದುಕ್ದೆ." ಆಮೇಲೆ ಅತ್ತಳು. ಪೆರುಮಾಳ್ ಗೋಡೆಯ ಕಡೆ ತಿರುಗಿ ಕೂತ.

ಅತ್ತು ಮುಗಿದ ಮೇಲೆ ಅವಳು ಹೇಳಿದಳು: "ನಿನ್ ಬಾಯಿಂದ ಬ್ಯಾಡ ಬಿಡು. ಅರಕೆ ನಾನೇ ಒತ್ಕಂತೀನಿ. ಆದ್ರೆ ನಾಳೆ ನಾನು ಆಚೆ ಕುಂತು ಏನ್ಲಾ ಮಾಡ್ಲಿ? ನಿಮ್ಮಪ್ಪಂದು ಆದಾಗ ಗೇಟಿನ ತಾವ ಮೂರು ದಿನ ಕುಂತಿದ್ದೆ. ಕೈಯಾಗೆ ಇಡ್ಕಳಾಕೆ ಒಂದು ಏನಾನಾ ಕೊಡ್ಲಿಲ್ಲ ಯಾರೂ."

ಅದನ್ನು ಅವಳು ಆವರೆಗೆ ಯಾರಿಗೂ ಹೇಳಿರಲಿಲ್ಲ. ನನ್ನ ಅಂಗಿ ಮಂಚದ ತಲೆಗೆ ತೂಗುತ್ತಿತ್ತು. ಜೇಬಿನಿಂದ ಮುನ್ನೂರ ಹದಿನೇಳನ್ನು ತೆಗೆದು ಅವಳ ಕೈಯಲ್ಲಿಟ್ಟೆ. "ಇಳಿಯೋನು ಇದನ್ನ ಮೇಲೆ ಕೊಟ್ಟು ಹೋಗ್ತಾನೆ. ಬಂದಾಗ ಇಸ್ಕೊಳ್ತಾನೆ. ನಾನು ಬತ್ತೀನಿ ಅಂತ ಮಾತು ಕೊಡಾಕೆ ಆಗಲ್ಲ. ನಾನು ಬರೋ ತನಕ ಇದನ್ನ ಬಿಡಬೇಡ. ನಂಗೆ ಗೊತ್ತಿರೋ ಪೂಜೆ ಇದೊಂದೇ."

ಅವಳು ಬಿಲ್ಲೆಯ ಮೇಲಿನ ಅಂಕಿಗಳನ್ನು ಬೆರಳಿನಿಂದ ತಡವಿದಳು, ಮೇಲಿನ ತೂತಿನಲ್ಲಿ ಉಗುರು ಆಡಿಸಿದಳು. ಬೆಲೆಬಾಳುವ ವಸ್ತುವನ್ನು ಜೋಪಾನ ಮಾಡುವ ವಿಧಾನ ಅವಳಿಗೆ ಗೊತ್ತಿದ್ದದ್ದು ಒಂದೇ. ಅರಿಸಿನದ ಬಟ್ಟೆಯ ಉಳಿದ ಅಂಚನ್ನು ಹರಿದು, ಅದರಲ್ಲಿ ಕಟ್ಟಿ, ಸೆರಗಿಗೆ ಸಿಕ್ಕಿಸಿಕೊಂಡಳು.

ನರ್ಸಮ್ಮ ನನಗೆ ತಂದಿಟ್ಟಿದ್ದ ಹಾಲು, ಬ್ರೆಡ್ಡು ಹಾಗೇ ಇತ್ತು. ಅದನ್ನು ಅವಳ ಕಡೆ ತಳ್ಳಿದೆ. "ಅಮ್ಮ, ಉಣ್ಣು."

"ಯಾವ ಉಣ್ಣು?" ಎಂದಳು.

ಸರೋಜ ಮೊದಲು ನಕ್ಕಳು. ಆಮೇಲೆ ಪೆರುಮಾಳ್, ಗೋಡೆಯ ಕಡೆ ಮುಖ ಮಾಡಿಕೊಂಡೇ. ಅಮ್ಮ ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ತಿಂದಳು, ಒಂದು ಚೂರೂ ಬಿಡದೆ.

ಮಾರನೆಯ ಬೆಳಗ್ಗೆ ನನ್ನನ್ನು ಗಾಲಿಮಂಚದಲ್ಲಿ ತಳ್ಳಿಕೊಂಡು ಹೋಗುವಾಗ ನೆಲದಡಿಯಲ್ಲಿ ಏನೋ ಹೊರಳಿತು. ಆಳದಲ್ಲಿ ಬಂಡೆ ಸಿಡಿಯುವುದಕ್ಕೆ ನಾವು ಏರ್ ಬ್ಲಾಸ್ಟ್ ಎನ್ನುತ್ತೇವೆ. ಗಾಜಿನ ಬೀರುವಿನ ಬಾಗಿಲು ಗಲಗಲ ಎಂದಿತು, ತಟ್ಟೆಯಲ್ಲಿದ್ದ ಕತ್ತರಿಗಳು ಒಂದಕ್ಕೊಂದು ತಾಗಿದವು, ಚಾವಣಿಯಿಂದ ಸುಣ್ಣದ ಚಕ್ಕೆ ನನ್ನ ಎದೆಯ ಮೇಲೆ ಬಿತ್ತು. ತಳ್ಳುತ್ತಿದ್ದವನು ನಿಂತ. ಎಲ್ಲರೂ ನಿಂತರು. ಕೆಳಗೆ ಜನ ಸಿಕ್ಕಿಕೊಂಡರೆ ಕೂಗುವ ಸೈರನ್ನಿಗೆ ಕಿವಿಗೊಟ್ಟೆವು. ನಾನು ಹಲಗೆಯನ್ನು ನೆನೆಸಿಕೊಂಡೆ: ಬೆಳಗಿನ ಪಾಳಿ, ಎಲ್ಲ ಕೊಕ್ಕೆಗಳೂ ತುಂಬಿರುವ ಹೊತ್ತು. ಎಲೆಅಡಿಕೆ ಜಗಿಯುವವನು ಎಣಿಸಿದ್ದಾನೋ ಇಲ್ಲವೋ. ಸೈರನ್ ಕೂಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಕೂಗಲಿಲ್ಲ. ತಳ್ಳುವವನು ಮತ್ತೆ ತಳ್ಳಿದ. ಬಾಗಿಲ ಬಳಿಯ ಬೆಂಚಿನ ಮೇಲೆ ಅಮ್ಮ ಎರಡು ಮುಷ್ಟಿ ಬಿಗಿಹಿಡಿದು ಕೂತಿದ್ದಳು. ಒಂದರಲ್ಲಿ ಮುನೇಶ್ವರ, ಒಂದರಲ್ಲಿ ನಾನು.

ಮೂಗಿಗೆ ಬಟ್ಟೆ ಇಟ್ಟು ಒಂದರಿಂದ ಎಣಿಸು ಎಂದರು. ಎಣಿಸುವುದು ನನಗೆ ಹೇಳಿಕೊಡಬೇಕೇ. ಹದಿನಾರರ ತನಕ ನೆನಪಿದೆ.

ಎದ್ದಾಗ ಬಾಯಾರಿಕೆ, ವಾಸನೆ, ನೋವು. ಇನ್ನೊಂದು ಕಾಯಿಲೆಯಲ್ಲ ಎಂದು ಡಾಕ್ಟರು ಹೇಳಿದರು. ಹೊಟ್ಟೆಯ ಮುಕ್ಕಾಲು ಹೋಯಿತು; ಚಿಂತೆಯನ್ನು ಪೂರ್ತಿ ಉಳಿಸಿಕೊಟ್ಟರು. ಈಗಲೂ ದಿನಕ್ಕೆ ಆರು ಸಲ, ಮಗುವಿನಷ್ಟು ತಿನ್ನುತ್ತೇನೆ. ಮುದ್ದೆ ಎಂದರೆ ನಿಂಬೆಹಣ್ಣಿನ ಗಾತ್ರ. ಅವಸರದಲ್ಲಿ ತಿಂದರೆ ಬೆವರಿ, ತಲೆ ಸುತ್ತಿ, ಕಾಲು ಗಂಟೆ ಮಲಗಬೇಕು. ಆಪರೇಷನ್ನಿಗೆ ಹೊರಟವರು ಇದನ್ನು ತಿಳಿದಿರಲಿ: ಬದುಕಬಹುದು, ಹೆದರಿಕೊಂಡೇ ಬದುಕಬಹುದು.

ಪೆರುಮಾಳನನ್ನು ನನಗಿಂತ ಮುಂಚೆ ಮನೆಗೆ ಕಳಿಸಿದರು. ಮಾಡುವುದು ಏನೂ ಉಳಿಯದಿದ್ದರೂ ಮನೆಗೆ ಕಳಿಸುತ್ತಾರೆ. ಹೋಗುವಾಗ ನನ್ನ ಮಂಚದ ಬಳಿ ನಿಂತು ಉಸಿರು ಕೂಡಿಸಿಕೊಂಡು, "ಬಿಲ್ಲೆ ವಾಪಸ್ ಬಂತಾ?" ಎಂದ.

ಬಂದಿರಲಿಲ್ಲ. ಅಮ್ಮ ಕೊಡಲು ಒಪ್ಪಿರಲಿಲ್ಲ. "ಪೂರ್ತಿ ವಾಸಿಯಾಗ್ಲಿ. ಅರಕೆ ತೀರಿಸಿದ್ ಮೇಲೆ ಕೊಡ್ತೀನಿ," ಎಂದು ಎರಡು ಗಂಟುಗಳನ್ನೂ ತನ್ನ ತಗಡಿನ ಪೆಟ್ಟಿಗೆಯಲ್ಲಿಟ್ಟಿದ್ದಳು.

ಮೂರು ತಿಂಗಳ ಮೇಲೆ ಅವಳ ಹರಕೆ ತೀರಿಸಲು ಹೊರಟೆವು. ಬುಟ್ಟಿ ನಾನು ಹೊತ್ತೆ. ಅವಳು ಒಳಗೆ ಹೋದಾಗ ಹುಣಸೆ ಮರದ ಕೆಳಗೆ ನಿಂತು ಚಪ್ಪಲಿ ಕಾಯ್ದೆ. ಅಷ್ಟಕ್ಕೆ ಇಬ್ಬರ ನಡುವೆ ಒಪ್ಪಂದವಾಗಿತ್ತು. ಅವಳು ಗಂಟನ್ನು ಕಣ್ಣಿಗೊತ್ತಿಕೊಂಡು ಹುಂಡಿಗೆ ಹಾಕಿದ್ದು ನನಗೆ ಕಾಣಿಸಿತು. ಬಟ್ಟೆ ಸುತ್ತಿದ್ದರಿಂದ ಸದ್ದು ಮೊದ್ದಾಗಿ ಬಂತು.

ಮನೆಗೆ ಬಂದು ಕೈಯೊಡ್ಡಿದೆ. "ಮೇಲೆ ಬಂದಿದ್ದೀನಿ, ಬಿಲ್ಲೆ ಕೊಡು." ಅವಳು ಪೆಟ್ಟಿಗೆ ತೆಗೆದು, ಗಂಟು ಬಿಚ್ಚಿ, ನನ್ನ ಅಂಗೈಗೆ ಹಾಕಿದಳು. ಬೆಳ್ಳಿ ರೂಪಾಯಿ.

ಹಾಗಾದರೆ ಹುಂಡಿಗೆ ಬಿದ್ದದ್ದು ಮುನ್ನೂರ ಹದಿನೇಳು.

"ಅಯ್ಯೋ, ಕಣ್ಣು ಕಾಣಾಕಿಲ್ಲ ಕಣಪ್ಪ," ಎಂದಳು. ಹುರುಳಿಯಲ್ಲಿ ಕಲ್ಲು ಹುಡುಕುವ ಬೆರಳು ಸೆರಗಿನ ಅಂಚನ್ನು ಮಡಿಸುತ್ತಿತ್ತು. ಬೇಕೆಂದೇ ಹಾಕಿದೆಯಾ ಎಂದು ಕೇಳುವ ಬದಲು ಗುಡಿಗೆ ವಾಪಸು ನಡೆದೆ.

ಪೂಜಾರಿ ಹುಂಡಿ ತೆಗೆಯಲಿಲ್ಲ. ಬಿದ್ದದ್ದು ದೇವರದು ಎಂದ. ಕಳೆದುಹೋದ ಬಿಲ್ಲೆಗಳ ಪುಸ್ತಕದಲ್ಲಿ, ಎಲ್ಲಿ ಕಳೆಯಿತು ಎಂಬ ಜಾಗದಲ್ಲಿ, ಬಹಳ ಯೋಚಿಸಿ ನಿಜವನ್ನೇ ಬರೆದೆ: ‘ಮುನೇಶ್ವರನ ಹುಂಡಿಯಲ್ಲಿ’. ಮೇಲಿನವರು ತಮಾಷೆಯೇ ಎಂದು ಕೇಳಿ ಹೊಸ ನಂಬರು ಕೊಟ್ಟರು. ಮುನ್ನೂರ ಹದಿನೇಳರ ಕೊಕ್ಕೆ ಖಾಲಿಯಿದೆ. ಕೆಲಸಕ್ಕೆ ಹೊಸದಾಗಿ ಬಂದವರಿಗೆ ಈಗಲೂ ನಿಯಮ ಹೇಳಿಕೊಡುವವನು ನಾನೇ: ಬಿಲ್ಲೆ ಕೈಸೇರುವ ತನಕ ಆಸಾಮಿ ಮೇಲೆ ಬಂದ ಹಾಗಲ್ಲ, ಯಾರು ಏನೇ ಹೇಳಲಿ.

ಇಪ್ಪತ್ತಮೂರರಲ್ಲಿ ಒಂದೂ ಆಗಲಿಲ್ಲ. ಅಮ್ಮ ಗಂಟು ಅದಲುಬದಲು ಮಾಡಿದಳು, ಅಷ್ಟೆ.